ದೊಡ್ಡಮ್ಮ ಹೇಳಿದ್ದು

ಫೆಬ್ರವರಿ ೧೧

ಅಮ್ಮಾ,

ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದ್ದು ನಿನಗೆ ಅರ್ಧವೂ ಕೇಳಿಸಲಿಲ್ಲ. ಸುತ್ತಲಿದ್ದವರಿಗೆಲ್ಲ ಚೆನ್ನಾಗಿ ಕೇಳಿಸಿತು. ಫೋನು ನಿನ್ನ ಪಾಲಿಗೆ ಇದ್ದೂ ಇಲ್ಲದಂತಾದ ಮೇಲೆ ನಮಗೆ ಉಳಿದಿರುವುದು ಈ ಕಾಗದವೊಂದೇ. ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ.

ನಮ್ಮ ಕಂಪನಿ ಒಂದು ಆ್ಯಪ್ ನಡೆಸುತ್ತದೆ. ಜನ ಅದರಲ್ಲಿ ಕ್ರಿಪ್ಟೊ ಕೊಳ್ಳುತ್ತಾರೆ, ಮಾರುತ್ತಾರೆ. ಕೈಗೆ ಸಿಗುವ ನಾಣ್ಯವಲ್ಲ, ಫೋನಿನೊಳಗೇ ಇರುವ ಕಾಯಿನ್. ಕಂಪನಿಯದೇ ಒಂದು ಕಾಯಿನ್ ಕೂಡ ಇದೆ. ದೊಡ್ಡ ಕುಳಗಳ ಗೊಡವೆ ನಮಗಿಲ್ಲ. ನಮ್ಮವರೆಲ್ಲ ಅಂಗಡಿಯವರು, ಡ್ರೈವರುಗಳು, ಮೇಷ್ಟ್ರುಗಳು, ಗಂಡನಿಗೆ ಗೊತ್ತಿಲ್ಲದ ಹಾಗೆ ಒಂದಿಷ್ಟು ಹಾಕಿದ ಹೆಂಗಸರು. ಅವರು ಒಬ್ಬರಿಗೊಬ್ಬರು ಬರೆದುಕೊಳ್ಳಲು ಆ್ಯಪಿನೊಳಗೆ ಒಂದು ಜಾಗವಿದೆ. "ಇವತ್ತು ಏರುತ್ತಾ?" "ಇಟ್ಕೊಳ್ಳೋಣ್ವಾ, ಮಾರ್ಬಿಡೋಣ್ವಾ?" "ಯಾರಾದ್ರೂ ಇದ್ದೀರಾ?" ದಿನವಿಡೀ ಇಂಥವೇ. ನಾವು ಒಂದಷ್ಟು ಜನ ಕೂತು ಅದನ್ನೆಲ್ಲ ಓದಿ, ಈ ಹೊತ್ತು ಜನರ ಮನಸ್ಸು ಹೇಗಿದೆಯೆಂದು ನೂರಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಕಡಿಮೆಯೆಂದರೆ ಹೆದರಿಕೆ, ಜಾಸ್ತಿಯೆಂದರೆ ಆಸೆ. ಆ ಅಂಕ ಗೋಡೆಯ ಮೇಲೆ ದೊಡ್ಡದಾಗಿ ಕಾಣುತ್ತಿರುತ್ತದೆ. ಕೋಣೆಗೆ ಕಿಟಕಿ ಇಲ್ಲವಾದ್ದರಿಂದ ನಾವೆಲ್ಲ ಅದನ್ನೇ ನೋಡುತ್ತೇವೆ.

ಹಾಸ್ಟೆಲು ಕಂಪನಿಯದೇ. ಫೋನೂ ಕಂಪನಿಯದೇ. ಕಾಗದವನ್ನು ಆಫೀಸಿನ ವಿಳಾಸಕ್ಕೇ ಬರೆ, ಹಾಸ್ಟೆಲಿನವರ ಟಪಾಲೂ ಅಲ್ಲಿಗೇ ಬರುತ್ತದೆ.

ನಿನ್ನ ಸೂಜಿ

*

ಫೆಬ್ರವರಿ ೨೦

ಸೂಜಿ,

ಹುಟ್ಟಿದಾಗ ಎರಡು ಅಂಗೈಯೊಳಗೆ ಹಿಡಿಸುತ್ತಿದ್ದೆ, ಅದಕ್ಕೇ ಆ ಹೆಸರು ಇಟ್ಟದ್ದು. ಈಗ ಊರವರ ಮನಸ್ಸಿಗೆ ಅಂಕ ಹಾಕುವ ದೊಡ್ಡ ಮನುಷ್ಯಳಾಗಿದ್ದೀ. ಕೆಳಗಿನ ಔಷಧಿ ಅಂಗಡಿಯವನು ನಿನ್ನ ಕೆಲಸ ಏನೆಂದು ಕೇಳಿದ. ಹೇಳಿದೆ. "ನನ್ನ ಹೆಂಡ್ತೀನೂ ಅದೇ ಮಾಡ್ತಾಳೆ, ಸಂಬಳ ಇಲ್ದೆ" ಎಂದು ಬಿಲ್ಲಿನ ಹಿಂದೆ ಬರೆದು ತೋರಿಸಿದ. ಅವನು ಈಗ ನನ್ನ ಹತ್ತಿರ ಕೂಗುವುದನ್ನು ಬಿಟ್ಟಿದ್ದಾನೆ. ಗಿರಾಕಿಗಳು ಹೆದರುತ್ತಾರಂತೆ.

ಕೆಲಸ ಕೈತುಂಬ ಇದೆ. ಆಸ್ಪತ್ರೆಯ ನರ್ಸುಗಳ ಯೂನಿಫಾರ್ಮು ಈ ಸಲವೂ ನನಗೇ ಬಂತು. ಮಹಡಿ ಮೇಲಿನ ನರ್ಸಮ್ಮ ಬಟ್ಟೆಯ ಗಂಟನ್ನು ತಾನೇ ಹೊತ್ತು ತಂದುಕೊಟ್ಟಳು. ಹೊಲಿಗೆ ಮೆಷಿನ್ನಿನ ಸದ್ದು ನನಗೆ ಈಗ ಕಿವಿಗೆ ಬರುವುದಿಲ್ಲ, ಪಾದದಿಂದ ಬರುತ್ತದೆ. ದಾರ ತುಂಡಾದರೂ ಪಾದಕ್ಕೇ ಮೊದಲು ತಿಳಿಯುತ್ತದೆ.

ಮೊನ್ನೆ ಒಬ್ಬ ಇಂಟರ್‌ವ್ಯೂಗೆ ಹೊರಟವನು ಬಸ್ಸು ಹತ್ತುವಾಗ ಪ್ಯಾಂಟಿನ ಹಿಂಭಾಗ ಬಿಚ್ಚಿಕೊಂಡು, ಫೈಲನ್ನು ಹಿಂದಕ್ಕೆ ಅಡ್ಡ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಮುಖ ನೋಡಿದರೆ ಈಗಲೋ ಆಗಲೋ ಅಳುವ ಹಾಗಿದ್ದ. ನಾನಂದೆ, "ಮೊದ್ಲು ಒಂದ್ ಲೋಟ ನೀರು ಕುಡಿ, ಅಳೋದು ಆಮೇಲೆ. ಹೊಲಿಗೆ ಬಿಚ್ಕೊಂಡಿದೆ ಅಷ್ಟೇ, ಬಟ್ಟೆ ಹರಿದಿಲ್ಲ. ಕೂತ್ಕೊ." ಟವೆಲು ಸುತ್ತಿಕೊಂಡು, ಮೇಲೆ ಕೋಟು, ಟೈ ಎಲ್ಲ ಹಾಗೇ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದ. ನಗು ತಡೆಯಲು ನಾನು ಬಾಯಲ್ಲಿ ಪಿನ್ನು ಕಚ್ಚಿಕೊಂಡೆ.

ನೀನು ಸರಿಯಾಗಿ ಊಟ ಮಾಡು. ಕಿಟಕಿ ಇಲ್ಲದ ಕೋಣೆ ಒಳ್ಳೆಯದಲ್ಲ, ಆಗಾಗ ಎದ್ದು ಹೊರಗೆ ಬಾ.

ಇಂತಿ,
ಅಮ್ಮ

*

ಮಾರ್ಚ್ ೮

ಅಮ್ಮಾ,

ನನಗೆ ಬಡ್ತಿ ಸಿಕ್ಕಿದೆ. ಒಂದು ತಿಂಗಳಿಗೇ ಎಂದು ಎಲ್ಲರ ಕಣ್ಣು ನನ್ನ ಮೇಲೆ.

ಆದದ್ದು ಹೀಗೆ. ಹೋದ ವಾರ ಕಾಯಿನ್ನಿನ ಬೆಲೆ ಇಳಿಯಿತು. ಗೋಡೆಯ ಮೇಲಿನ ಅಂಕವೂ ಧುಮುಕಿತು. ಮ್ಯಾನೇಜರ್ ಸಭೆ ಕರೆದರು. ಅವರು ಬಲು ಮೆಲ್ಲಗೆ ಮಾತಾಡುವ ಮನುಷ್ಯ. ತುಟಿ ಅಲ್ಲಾಡುವುದೇ ಕಾಣುವುದಿಲ್ಲ, ನಿನಗಂತೂ ಒಂದಕ್ಷರ ತಿಳಿಯುತ್ತಿರಲಿಲ್ಲ. "ಜನ ಯಾಕೆ ಬಿಟ್ಟು ಹೋಗ್ತಾರೆ?" ಎಂದು ಕೇಳಿದರು. ನಷ್ಟವಾದದ್ದಕ್ಕೆ ಎಂದು ಎಲ್ಲರೂ ಹೇಳಿದರು. ನಾನು ಸುಮ್ಮನಿರಬಹುದಿತ್ತು. "ನಷ್ಟ ಆದ್ರೆ ಹೋಗಲ್ಲ ಸರ್" ಅಂದೆ. "ಬರೆದಿದ್ದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ ಅಂದ್ರೆ ಹೋಗ್ತಾರೆ. ದಿನಾ ಓದ್ತೀನಲ್ಲ, ಗೊತ್ತಾಗುತ್ತೆ."

ಅವರು ಅದನ್ನು ಬರೆದುಕೊಂಡರು. ಮಾರನೆಯ ದಿನವೇ ನನಗೆ ಬೇರೆ ಮೇಜು ಹಾಕಿಸಿದರು. ಈಗ ನಾನು ಅಂಕ ಹಾಕುವುದಿಲ್ಲ, ಹೆದರಿಕೊಂಡವರಿಗೆ ಸಮಾಧಾನ ಹೇಳುತ್ತೇನೆ. ಯಾವ ಹೆಸರಿನಲ್ಲಿ ಎಂದು ಕೇಳಬೇಡ, ಅಲ್ಲಿ ಯಾರಿಗೂ ನಿಜವಾದ ಹೆಸರಿಲ್ಲ.

ನಿನ್ನ ಪ್ಯಾಂಟಿನ ಕಥೆಯನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮ್ಯಾನೇಜರ್ ಮಾತ್ರ ನಗಲಿಲ್ಲ. ಇನ್ನೊಂದು ಸಲ ಓದಲು ಹೇಳಿದರು.

ಉದ್ದಕ್ಕೆ ಬರೆಯಮ್ಮಾ. ಗಿರಾಕಿಗಳಿಗೆ ನೀನು ಏನೇನು ಹೇಳುತ್ತೀಯೋ ಅದನ್ನು ಹೇಳಿದ ಹಾಗೆಯೇ ಬರೆ.

ನಿನ್ನ ಸೂಜಿ

*

ಏಪ್ರಿಲ್ ೨

ಸೂಜಿ,

ನನ್ನ ಮಾತು ಕೇಳಿ ನಿನ್ನ ಆಫೀಸಿನವರು ನಗುತ್ತಾರೆಂದರೆ ನನಗೇನು, ನಗಲಿ. ನಿನ್ನ ಅಪ್ಪ ಇದ್ದಾಗ ನಾನು ಬಾಯಿ ತೆರೆದರೆ ಎದ್ದು ಹೋಗುತ್ತಿದ್ದರು. ಈಗ ಒಬ್ಬರು ಕೂತು ಎರಡೆರಡು ಸಲ ಕೇಳುತ್ತಾರೆಂದರೆ ಖುಷಿಯೇ.

ಇಲ್ಲಿ ಒಂದು ವಿಚಿತ್ರ ನಡೆಯುತ್ತಿದೆ. ಬೀದಿಗೆ ಬೀದಿಯೇ ನಿನ್ನ ಕಾಯಿನ್ನಿನ ಹಿಂದೆ ಬಿದ್ದಿದೆ. ಔಷಧಿ ಅಂಗಡಿಯವನು ಒಂದು ಕೈಯಲ್ಲಿ ಮಾತ್ರೆ ಎಣಿಸುತ್ತಾ ಇನ್ನೊಂದು ಕೈಯಲ್ಲಿ ಫೋನು ನೋಡುತ್ತಾನೆ. ನರ್ಸಮ್ಮ ತಂಗಿಯ ಓದಿಗೆಂದು ಕೂಡಿಟ್ಟದ್ದನ್ನು ಹಾಕಿದ್ದಾಳೆ. ಮೂಲೆಮನೆಯ ಬಸ್ ಡ್ರೈವರ್ ಸ್ವಂತ ವ್ಯಾನು ಕೊಳ್ಳಬೇಕೆಂದು ಇಟ್ಟದ್ದನ್ನೂ ಹಾಕಿ, ಭಾವಮೈದುನನ ಕೈಯಿಂದಲೂ ಹಾಕಿಸಿದ್ದಾನೆ. ಅದೆಲ್ಲ ಅವರವರ ಇಷ್ಟ. ಆದರೆ ಅವರೆಲ್ಲ ನನ್ನನ್ನು ನೋಡುವ ರೀತಿಯೇ ಬದಲಾಗಿದೆ.

ಆ ಡ್ರೈವರ್ ಮೊನ್ನೆ ತೋಳು ಬಿಚ್ಚಿದ ಅಂಗಿ ತಂದ. ಡ್ಯೂಟಿಗೆ ಹೊತ್ತಾಯಿತೆಂದು ಪರದಾಡುತ್ತಿದ್ದ. ನಾನು ಯಾವಾಗಲೂ ಹೇಳುವುದನ್ನೇ ಹೇಳಿದೆ, "ಹೊಲಿಗೆ ಬಿಚ್ಕೊಂಡಿದೆ ಅಷ್ಟೇ, ಬಟ್ಟೆ ಹರಿದಿಲ್ಲ." ಅವನು ಬಾಯಿ ತೆರೆದುಕೊಂಡು ನಿಂತುಬಿಟ್ಟ. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು ಕಿವಿಯ ಹತ್ತಿರ ಬಂದು ಕೂಗಿದ, "ನೀವು ಹೇಳಿದ್ದಕ್ಕೇ ಉಳ್ಕೊಂಡೆ ದೊಡ್ಡಮ್ಮ. ಇಲ್ದಿದ್ರೆ ಎಲ್ಲಾ ಮಾರಿ ಕೈತೊಳ್ಕೊಂಡಿರ್ತಿದ್ದೆ." ಎಲ್ಲಿ ಉಳಿದುಕೊಂಡನೋ, ನಾನು ಯಾವಾಗ ಹೇಳಿದೆನೋ. ವಯಸ್ಸಾದವಳೆಂದು ದೊಡ್ಡಮ್ಮ ಅಂದಿರಬೇಕು ಎಂದುಕೊಂಡೆ. ಅವನಿಗೇನು ಕಡಿಮೆ ವಯಸ್ಸೇ.

ಸಂಜೆ ಔಷಧಿ ಅಂಗಡಿಯವನು ಮೇಲೆ ಬಂದು ಒಂದು ಚೀಟಿ ಇಟ್ಟು ಹೋದ. "ಗೊತ್ತಾಯ್ತು ಬಿಡಿ. ಯಾರಿಗೂ ಹೇಳಲ್ಲ." ಏನು ಗೊತ್ತಾಯಿತೆಂದು ಕೇಳಿದರೆ ತುಟಿಯ ಮೇಲೆ ಬೆರಳಿಟ್ಟು ನಗುತ್ತಾನೆ. ಯಾರಿಗೂ ಹೇಳುವುದಿಲ್ಲವೆಂದವನು ಎಲ್ಲರಿಗೂ ಹೇಳಿದಂತಿದೆ. ದಿನಾ ಯಾರಾದರೊಬ್ಬರು ಒಂದು ಗುಂಡಿ ಹೊಲಿಸುವ ನೆಪ ಮಾಡಿಕೊಂಡು ಬರುತ್ತಾರೆ. ನರ್ಸಮ್ಮ ಬುಟ್ಟಿ ತುಂಬ ಹಣ್ಣು ತಂದಿಟ್ಟಳು. ಬೇಡವೆಂದರೆ ಕೇಳುವುದಿಲ್ಲ. ನಾನು ಏನು ಹೇಳಿದರೂ, "ಬಟ್ಟೆ ನಾಳೆ ಕೊಡ್ತೀನಿ" ಎಂದರೂ, ಅದರೊಳಗೆ ಬೇರೇನೋ ಅರ್ಥವಿದೆಯೆಂಬಂತೆ ತಲೆಯಾಡಿಸುತ್ತಾರೆ.

ಮೊದಮೊದಲು ತಮಾಷೆಯೆನಿಸಿತು. ಈಗ ಯಾರಾದರೂ ಮೆಟ್ಟಿಲು ಹತ್ತುವುದು ಕಂಡರೆ ಬಾಯಿ ಕಟ್ಟುತ್ತದೆ. ಇದೇನೆಂದು ನಿನಗೇನಾದರೂ ಗೊತ್ತೇ?

ಅಮ್ಮ

*

ಏಪ್ರಿಲ್ ೧೧

ಅಮ್ಮಾ,

ಅವರಿಗೆಲ್ಲ ನಿನ್ನ ಹತ್ತಿರ ಆ್ಯಪ್ ನಡೆಯುವಂಥ ಫೋನು ಇಲ್ಲ, ಇದ್ದರೂ ಬಳಸಲು ಬರುವುದಿಲ್ಲ ಎಂದು ಬಿಡಿಸಿ ಹೇಳು. ಹಣ್ಣು ತೆಗೆದುಕೊಳ್ಳಬೇಡ. ನನ್ನ ಕೆಲಸದ ಬಗ್ಗೆ ಔಷಧಿ ಅಂಗಡಿಯವನ ಹತ್ತಿರ ಇನ್ನೇನೂ ಮಾತಾಡಬೇಡ. ದೊಡ್ಡ ವಿಷಯವಲ್ಲ, ಜನಕ್ಕೆ ಒಂದು ಹುಚ್ಚು ಹಿಡಿದಿರುತ್ತದೆ, ತಾನಾಗಿಯೇ ಇಳಿಯುತ್ತದೆ.

ನಾನು ಚೆನ್ನಾಗಿದ್ದೇನೆ. ಮ್ಯಾನೇಜರ್ ಪ್ರತಿ ಸೋಮವಾರ ಬಂದು "ಅಮ್ಮನ ಕಾಗದ ಬಂತಾ?" ಎಂದು ವಿಚಾರಿಸುತ್ತಾರೆ. ಈ ಸಲದ್ದನ್ನು ಅವರೇ ತಂದುಕೊಟ್ಟರು. ಲಕೋಟೆ ಅಂಟಿಸಿದ ಕಡೆ ಒದ್ದೆಯಾಗಿ ಬಿಟ್ಟುಕೊಂಡಿತ್ತು. ಮಳೆಗೆ ಸಿಕ್ಕಿರಬೇಕು ಎಂದರು. ಇಲ್ಲಿ ಮಳೆ ಬಂದಿಲ್ಲ.

ಒಂದು ಮಾತು. ಪರೀಕ್ಷೆಯ ಬೆಳಿಗ್ಗೆ ನಾನು ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಾಗ ನೀನು ಏನೋ ಹೇಳುತ್ತಿದ್ದೆಯಲ್ಲ? ಹೇಳಿದ ಕೂಡಲೇ ನನ್ನ ಅಳು ನಿಲ್ಲುತ್ತಿತ್ತು. ಎಷ್ಟು ಯೋಚಿಸಿದರೂ ಅದೊಂದು ನೆನಪಾಗುತ್ತಿಲ್ಲ. ಬರೆದು ಕಳಿಸು, ಸ್ವಲ್ಪ ಬೇಗ.

ಸೂಜಿ

*

ಮೇ ೩

ಸೂಜಿ,

ತಡವಾಯಿತು. ಏನು ಬರೆಯಬೇಕೆಂದು ತಿಳಿಯಲಿಲ್ಲ.

ನೀನು ಹೇಳಿದಂತೆ ನನ್ನ ಹತ್ತಿರ ಅಂಥ ಫೋನಿಲ್ಲವೆಂದು ನರ್ಸಮ್ಮನಿಗೆ ಹೇಳಿದೆ. ಅವಳು ನಂಬಲಿಲ್ಲ. "ಹಾಗಾದ್ರೆ ಇದ್ಯಾರು?" ಎಂದು ತನ್ನ ಫೋನನ್ನೇ ನನ್ನ ಕೈಗೆ ಕೊಟ್ಟಳು. ದೊಡ್ಡಮ್ಮ ಎಂಬುವಳು ಬರೆದದ್ದನ್ನೆಲ್ಲ ಒಂದೊಂದಾಗಿ ಮೇಲೆ ಸರಿಸಿ ತೋರಿಸಿದಳು. ಅಕ್ಷರ ಬಹಳ ಸಣ್ಣದು. ಆದರೂ ಓದುವುದು ಕಷ್ಟವಾಗಲಿಲ್ಲ. ಮುಂದೆ ಯಾವ ಮಾತು ಬರುತ್ತದೆಂದು ನನಗೆ ಮೊದಲೇ ಗೊತ್ತಿತ್ತು.

ಬೆಲೆ ಬಿದ್ದ ದಿನ ಅವಳು ಬರೆದಿದ್ದಾಳೆ, ಮೊದಲು ಒಂದು ಲೋಟ ನೀರು ಕುಡಿಯಿರಿ ಮಕ್ಕಳೇ, ಅಳುವುದು ಆಮೇಲೆ ಎಂದು. ಅದರ ಕೆಳಗೆ ಜನ ನೀರಿನ ಲೋಟದ ಚಿತ್ರ ಹಾಕಿದ್ದಾರೆ. ಮುಗಿಯುವುದೇ ಇಲ್ಲ, ಅಷ್ಟು ಲೋಟಗಳು.

"ಏನಾಯ್ತಮ್ಮ, ಮುಖ ಹೀಗ್ಯಾಕಾಯ್ತು?" ಎಂದು ನರ್ಸಮ್ಮ ಕೇಳಿದಳು. ಕಣ್ಣು ನೋವು ಅಂದೆ.

ನಿನ್ನನ್ನು ನಾನು ಏನೂ ಕೇಳುವುದಿಲ್ಲ. ಪರೀಕ್ಷೆಯ ದಿನ ಏನು ಹೇಳುತ್ತಿದ್ದೆನೆಂದು ಕೇಳಿದ್ದೀ. ನನಗೂ ನೆನಪಿಲ್ಲ.

ಅಮ್ಮ

*

ಮೇ ೧೪

ಅಮ್ಮಾ,

ನಿನಗೆ ನೆನಪಿದೆ.

ಹೇಳುವುದನ್ನು ಹೇಳಿಬಿಡುತ್ತೇನೆ. ದೊಡ್ಡಮ್ಮ ನಾನೇ. ಆ ಹೆಸರು ಮ್ಯಾನೇಜರ್ ಕೊಟ್ಟದ್ದು, ಮಾತು ನಾನು ಕೊಟ್ಟದ್ದು. ಮೊದಲು ನನ್ನದೇ ಮಾತು ಬರೆದು ನೋಡಿದೆ, ಯಾರೂ ತಿರುಗಿ ನೋಡಲಿಲ್ಲ. ಒಂದು ದಿನ ಕೈಗೆ ಬಂದದ್ದು ಬರೆದೆ, ಅದು ನಿನ್ನ ಮಾತಾಗಿತ್ತು. ಸಾಯಂಕಾಲದೊಳಗೆ ಗೋಡೆಯ ಮೇಲಿನ ಅಂಕ ಮೇಲೆದ್ದಿತು. ಕಂಡವರೆಲ್ಲ ನನ್ನ ಕೈಕುಲುಕಿದರು. ನಮ್ಮ ಬೀದಿಯವರೂ ಅದರಲ್ಲಿರುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆದರೆ ಇದನ್ನೂ ಕೇಳು. ಹೋದ ತಿಂಗಳು ಒಬ್ಬ "ಇವತ್ತಿಗೆ ನನ್ನದು ಮುಗೀತು, ಯಾರನ್ನೂ ದೂರಲ್ಲ" ಎಂದು ಬರೆದ. ಮನೆಯ ಮಹಡಿಯ ಮೇಲೆ ಒಬ್ಬನೇ ನಿಂತಿದ್ದನಂತೆ. ದೊಡ್ಡಮ್ಮ ಅವನನ್ನು ಬಿಡಲಿಲ್ಲ. ಕೆಳಗಿಳಿಸಿದಳು, ನೀರು ಕುಡಿಸಿದಳು, ಹೆಂಡತಿಯ ಪಕ್ಕ ಹೋಗಿ ಕೂರು ಎಂದಳು. ಬೆಳಿಗ್ಗೆ ಅವನು ಬರೆದ, "ಇದ್ದೀನಿ ದೊಡ್ಡಮ್ಮ." ಅದನ್ನು ಓದಿ ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಅವನು ಬದುಕಿದ್ದು ನಿನ್ನ ಮಾತಿನಿಂದ. ಅದು ಮೋಸವೇ? ನೀನು ಹಾಗೆಂದಿಲ್ಲ, ಗೊತ್ತು. ನೀನು ಏನೂ ಅಂದಿಲ್ಲ.

ಅವನು ಅದೇ ವಾರ ಮತ್ತೆ ದುಡ್ಡು ಹಾಕಿದ. ಮ್ಯಾನೇಜರ್ ನನ್ನ ಮೇಜಿನ ಬಳಿ ಬಂದು, "ನೋಡಿದ್ರಾ, ನೀವು ಹೇಳಿದ್ದು ನಿಜ. ನಷ್ಟ ಆದ್ರೆ ಹೋಗಲ್ಲ" ಎಂದರು.

ನಾನು ಬರೆಯದಿದ್ದರೆ ಇನ್ನೊಬ್ಬರು ಬರೆಯುತ್ತಾರೆ ಅಮ್ಮಾ. ದಯವಿಟ್ಟು ನನಗೆ ಮೊದಲಿನಂತೆ ಕಾಗದ ಬರೆ. ಕೆಲಸಕ್ಕಾಗಿ ಕೇಳುತ್ತಿಲ್ಲ.

ಸೂಜಿ

*

ಮೇ ೨೯

ಮಗಳಿಗೆ,

ನಾನು ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ಯೂನಿಫಾರ್ಮುಗಳ ಕೆಲಸ ಮುಗಿಯಿತು. ಎರಡು ದಿನ ಮಳೆ ಬಂತು, ಈಗ ನಿಂತಿದೆ.

ಬೇರೆ ವಿಶೇಷವಿಲ್ಲ.

ಇಂತಿ,
ತಾಯಿ

*

ಜೂನ್ ೧೯

ಅಮ್ಮಾ,

ಇದನ್ನು ಆಫೀಸಿನ ಟಪಾಲಿಗೆ ಹಾಕುತ್ತಿಲ್ಲ. ಎರಡು ಬೀದಿ ಆಚೆ ಬಟ್ಟೆ ಒಗೆದುಕೊಡುವ ಅಂಗಡಿಯಾಕೆ ಒಬ್ಬಳಿದ್ದಾಳೆ, ಅವಳ ಕೈಲಿ ಅಂಚೆಗೆ ಹಾಕಿಸುತ್ತಿದ್ದೇನೆ. ಉತ್ತರವನ್ನೂ ಅವಳ ವಿಳಾಸಕ್ಕೇ ಬರೆ, ಈ ಹಾಳೆಯ ಹಿಂಬದಿಯಲ್ಲಿ ಅದಿದೆ. ನಿನ್ನ ಹಿಂದಿನ ಕಾಗದವನ್ನು ಮ್ಯಾನೇಜರ್ ಕೈಗಿಡುವಾಗ, "ಅಮ್ಮನಿಗೆ ಹುಷಾರಿಲ್ವಾ? ಮೊದಲಿನ ಹಾಗೆ ಬರೀತಿಲ್ಲ" ಎಂದರು. ಲಕೋಟೆ ಇನ್ನೂ ನನ್ನ ಕೈಗೆ ಬಂದಿರಲಿಲ್ಲ.

ಈಗ ಹೇಳುವುದನ್ನು ನಿಧಾನವಾಗಿ ಓದು. ಈ ತಿಂಗಳ ಕೊನೆಗೆ ಆ್ಯಪಿನಿಂದ ದುಡ್ಡು ಹಿಂದೆ ತೆಗೆಯುವುದನ್ನು ನಿಲ್ಲಿಸುತ್ತಾರೆ. ಕಂಪನಿಯ ಹತ್ತಿರ ಕೊಡಲು ದುಡ್ಡಿಲ್ಲ. ಕಂಪನಿ ನಡೆಸುವ ದೊಡ್ಡವರೆಲ್ಲ ಆಗಲೇ ತೆಗೆದುಕೊಂಡು ಹೋಗಿಯಾಗಿದೆ. ಉಳಿದಿರುವವರು ಸಣ್ಣವರು ಮಾತ್ರ. ಅವರು ಅಲ್ಲಿಯವರೆಗೆ ಅಲುಗಾಡದಂತೆ ನೋಡಿಕೊಳ್ಳುವುದು ದೊಡ್ಡಮ್ಮನ ಕೆಲಸ.

ನಮ್ಮ ಬೀದಿಯವರಿಗೆ ಹೇಳು. ಔಷಧಿ ಅಂಗಡಿಯವನಿಗೆ, ನರ್ಸಮ್ಮನಿಗೆ, ಡ್ರೈವರಿಗೆ. ಇದ್ದದ್ದನ್ನೆಲ್ಲ ಈಗಲೇ ತೆಗೆಯಲಿ. ಹೇಗೆ ಗೊತ್ತಾಯಿತೆಂದು ಮಾತ್ರ ಹೇಳಬೇಡ.

ಅವರಿಗೆ ನೀನೇ ಫೋನು ಮಾಡಬಹುದಿತ್ತಲ್ಲ ಎನ್ನುತ್ತೀ. ನಾವು ಯಾರಿಗೆ ಫೋನು ಮಾಡುತ್ತೇವೆಂದು ಅವರು ನೋಡುತ್ತಾರೆ. ಕೆಲಸಕ್ಕೆ ಸೇರುವಾಗ ಏನೇನಕ್ಕೋ ಸಹಿ ಹಾಕಿಸಿಕೊಂಡಿದ್ದಾರೆ. ಅಂಗಡಿಯಾಕೆಯ ಫೋನಿನಿಂದ ನರ್ಸಮ್ಮನಿಗೆ ಮಾಡಲು ಹೋದೆ, ಅವಳು ಹಲೋ ಅನ್ನುವ ಮೊದಲೇ ಇಟ್ಟುಬಿಟ್ಟೆ. ನನಗೆ ಹೆದರಿಕೆ. ನನ್ನ ಅಂಕ ಈಗ ಎಷ್ಟಿರಬಹುದೋ.

ದೊಡ್ಡಮ್ಮ ಬರೆಯುವುದನ್ನು ಅವರು ನಂಬದಂತೆ ಮಾಡು. ಅವಳು ಬರೆಯುತ್ತಾಳೆ. ನಾನೇ ಬರೆಯಬೇಕು.

ಸೂಜಿ

*

ಜುಲೈ ೨

ಸೂಜಿ,

ನಿನ್ನ ಕಾಗದ ಕೈಸೇರಿದ ಸಂಜೆಯೇ ಮೂವರನ್ನೂ ನನ್ನ ಅಂಗಡಿಗೆ ಕರೆದೆ. ಬಾಗಿಲು ಹಾಕಿದೆ. ಅವರ ಮುಖ ನೋಡಬೇಕಿತ್ತು, ಏನೋ ಪ್ರಸಾದ ಸಿಗುತ್ತದೆಂಬಂತೆ ಕೂತಿದ್ದರು. "ಎಲ್ಲಾ ದುಡ್ಡು ಈಗ್ಲೇ ತೆಗೀರಿ. ಒಂದು ಕಾಸೂ ಬಿಡಬೇಡಿ" ಅಂದೆ.

ಡ್ರೈವರ್ ಫೋನು ತೆಗೆದು ಏನನ್ನೋ ಹುಡುಕಿ ನನ್ನ ಮುಖದೆದುರು ಹಿಡಿದ. ಹಿಂದಿನ ದಿನ ದೊಡ್ಡಮ್ಮ ಬರೆದದ್ದು. ಈಗ ಎದ್ದು ಹೋಗುವವರು ಅರ್ಧ ಹೊಲಿದ ಬಟ್ಟೆ ಹಾಕಿಕೊಂಡು ಬೀದಿಗಿಳಿದ ಹಾಗೆ, ಇನ್ನು ಸ್ವಲ್ಪ ಕೂತಿರಿ ಮಕ್ಕಳೇ ಎಂದು. ಆ ಮಾತನ್ನು ನಾನು ನಿನಗೆ ಎಂದೂ ಬರೆದಿರಲಿಲ್ಲ. ಅದು ನಿನಗೇ ಹೊಳೆದದ್ದು. ನನ್ನ ಬಾಯಿಂದ ಬಂದಂತೆಯೇ ಇತ್ತು.

"ಅಲ್ಲಿ ಒಂದು ಹೇಳ್ತೀರಿ, ಇಲ್ಲಿ ಒಂದು ಹೇಳ್ತೀರಿ. ಯಾವುದನ್ನ ನಂಬ್ಲಿ?" ಎಂದು ಡ್ರೈವರ್ ಕೇಳಿದ. ಅವನು ಕೂಗುತ್ತಿರಲಿಲ್ಲ, ಆದರೂ ತುಟಿಯಿಂದಲೇ ತಿಳಿಯಿತು.

"ಅದು ನಾನಲ್ಲ" ಅಂದೆ.

"ನೀವಲ್ದೆ ಇನ್ಯಾರು?"

ಸೂಜಿ, ಆಗ ನಿನ್ನ ಹೆಸರು ನನ್ನ ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಮೂವರೂ ನಂಬುತ್ತಿದ್ದರು. ಅವರಿಗೆ ಬೇಕಾದದ್ದು ಆ ಒಂದು ಮಾತು. ನುಂಗಿಕೊಂಡೆ. "ಗೊತ್ತಿಲ್ಲ" ಅಂದೆ.

ಔಷಧಿ ಅಂಗಡಿಯವನು ಒಂದು ಚೀಟಿಯಲ್ಲಿ ಬರೆದು ಮುಂದೆ ತಳ್ಳಿದ, "ನಾವೆಲ್ಲ ಹೆದರಿ ಮಾರಿದ್ರೆ ಬೆಲೆ ಬೀಳುತ್ತೆ. ಆಗ ಅಗ್ಗಕ್ಕೆ ಕೊಳ್ಳೋರು ಯಾರು ಅಂತ ನಮಗೂ ಗೊತ್ತಾಗುತ್ತೆ." ಹಿಂದಿನ ವಾರದವರೆಗೆ ನನ್ನನ್ನು ತಲೆಯ ಮೇಲೆ ಹೊತ್ತುಕೊಂಡಿದ್ದವನಿಗೆ ಈಗ ನಾನೇ ಅಗ್ಗಕ್ಕೆ ಕೊಳ್ಳುವವಳೆಂಬ ಅನುಮಾನ. ಡ್ರೈವರ್ ಎದ್ದು ಹೋದ. ಆ ರಾತ್ರಿಯೇ ಇನ್ನಷ್ಟು ಹಾಕಿದನೆಂದು ಆಮೇಲೆ ತಿಳಿಯಿತು. ದೊಡ್ಡಮ್ಮ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ, ಗಟ್ಟಿಯಾಗಿ ನಿಂತವರಿಗೇ ಲಾಭ ಎಂದುಕೊಂಡನಂತೆ.

ನರ್ಸಮ್ಮ ಒಬ್ಬಳೇ ತೆಗೆದಳು. "ನಿಮ್ಮ ಮಾತು ನಂಬಿ ಅಲ್ಲ" ಎಂದಳು. "ನಿಮ್ಮ ಕೈ ನಡುಗ್ತಿತ್ತು. ಆಸ್ಪತ್ರೇಲಿ ಅಂಥ ಕೈ ದಿನಾ ನೋಡ್ತೀನಿ."

ಮೊನ್ನೆಯಿಂದ ಆ್ಯಪ್ ದುಡ್ಡು ಕೊಡುತ್ತಿಲ್ಲ. ನೀನು ಹೇಳಿದ ಹಾಗೆಯೇ ಆಯಿತು.

ಅಮ್ಮ

*

ಜುಲೈ ೧೪

ಅಮ್ಮಾ,

ಕೆಲಸ ಬಿಟ್ಟೆ. ಫೋನನ್ನು ಮೇಜಿನ ಮೇಲಿಟ್ಟು ಊಟದ ಹೊತ್ತಿಗೆ ಎದ್ದು ಬಂದೆ. ಯಾರೂ ತಡೆಯಲಿಲ್ಲ. ಬಾಗಿಲ ಬಳಿ ಮ್ಯಾನೇಜರ್ ಸಿಕ್ಕಿದರು. ಬೈಯುತ್ತಾರೆಂದುಕೊಂಡಿದ್ದೆ. "ಅಮ್ಮನಿಗೆ ನನ್ನ ನಮಸ್ಕಾರ ಹೇಳಿ" ಎಂದರು.

ಯಾಕೆ ತಡೆಯಲಿಲ್ಲವೆಂದು ಆಮೇಲೆ ತಿಳಿಯಿತು. ಬಟ್ಟೆ ಒಗೆಯುವ ಅಂಗಡಿಯಾಕೆಯ ಹಿಂದಿನ ಕೋಣೆಯಲ್ಲಿದ್ದೇನೆ. ಅವಳ ಫೋನಿನಲ್ಲಿ ನೋಡಿದೆ. ದೊಡ್ಡಮ್ಮ ಇನ್ನೂ ಬರೆಯುತ್ತಿದ್ದಾಳೆ. ನಾಲ್ಕು ತಿಂಗಳು ನಾನು ಬರೆದದ್ದೆಲ್ಲ ಅವರ ಬಳಿಯಿದೆ, ನಿನ್ನ ಕಾಗದಗಳ ನಕಲೂ ಇರಬೇಕು. ಬೇರೆ ಯಾರೋ ಬರೆಯುತ್ತಿದ್ದಾರೆ, ಅಥವಾ ಯಂತ್ರವೇ ಬರೆಯುತ್ತಿದೆಯೋ ಏನೋ. ನನಗಿಂತ ಚೆನ್ನಾಗಿ ಬರೆಯುತ್ತಿದೆ. ಬಾಗಿಲು ಸದ್ಯಕ್ಕೆ ಮುಚ್ಚಿದೆ ಅಷ್ಟೇ, ಇನ್ನೊಂದಿಷ್ಟು ಹಾಕಿದವರಿಗೆ ತೆರೆದಾಗ ಮೊದಲು ಸಿಗುತ್ತದೆ ಎನ್ನುತ್ತಿದ್ದಾಳೆ. ಜನ ಹಾಕುತ್ತಿದ್ದಾರೆ. ಗಂಟೆಗಟ್ಟಲೆ ಓದಿದೆ. 'ಮೋಸ' ಎಂದು ಯಾರಾದರೂ ಬರೆದರೆ ಉಳಿದವರೇ ಅವನ ಮೇಲೆ ಮುಗಿಬೀಳುತ್ತಾರೆ. ದೊಡ್ಡಮ್ಮನಿಗೆ ಹಾಗೆಲ್ಲ ಅನ್ನಬೇಡ ಎನ್ನುತ್ತಾರೆ. ದೊಡ್ಡಮ್ಮ ನಾನೇ, ಇದನ್ನೆಲ್ಲ ನಂಬಬೇಡಿ ಎಂದು ನಾನು ಬರೆದೆ. ನಕ್ಕರು. ಎರಡು ನಿಮಿಷಕ್ಕೆ ನನ್ನ ಮಾತು ಅಲ್ಲಿಂದ ಮಾಯವಾಯಿತು.

ಶುಕ್ರವಾರ ರಾತ್ರಿಯ ಕೊನೆಯ ಬಸ್ಸಿಗೆ ಬರುತ್ತೇನೆ. ಹಿಂದಿನ ಓಣಿಯಿಂದ ಮೇಲೆ ಬರುತ್ತೇನೆ, ಯಾರಿಗೂ ಕಾಣುವುದಿಲ್ಲ. ನಿನಗೆ ಬೇಕಾದದ್ದನ್ನು ಒಂದು ಚೀಲಕ್ಕೆ ತುಂಬಿಡು. ಬೆಳಗಾಗುವುದರೊಳಗೆ ಇಬ್ಬರೂ ಅಲ್ಲಿಂದ ಹೊರಡೋಣ. ಬೇರೆ ಊರಲ್ಲೂ ಜನ ಬಟ್ಟೆ ಹೊಲಿಸುತ್ತಾರೆ.

ನಿನ್ನ ಸೂಜಿ

*

ಜುಲೈ ೧೭

ಸೂಜಿ,

ಚೀಲ ತುಂಬಿಲ್ಲ. ಶುಕ್ರವಾರ ಬರಬೇಡ. ಇದು ಅಷ್ಟರೊಳಗೆ ನಿನ್ನ ಕೈಗೆ ಸಿಗಲೆಂದು ನರ್ಸಮ್ಮನ ಜೊತೆ ಕಳಿಸುತ್ತಿದ್ದೇನೆ. ಅವಳು ತಂಗಿಯ ಕಾಲೇಜಿಗೆಂದು ನೀನಿರುವ ಊರಿಗೇ ಹೊರಟಿದ್ದಾಳೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ನಿನ್ನೊಡನೆ ಮಾತಾಡದಿದ್ದರೆ ಬೇಜಾರು ಮಾಡಿಕೊಳ್ಳಬೇಡ. ನನ್ನೊಡನೆಯೂ ಮಾತಾಡಿಲ್ಲ, ಕಾಗದ ತೆಗೆದುಕೊಂಡಳು ಅಷ್ಟೇ.

ಇಲ್ಲಿಯ ಸ್ಥಿತಿ ಹೇಳುತ್ತೇನೆ. ಹೊಲಿಗೆಗೆ ಯಾರೂ ಬರುವುದಿಲ್ಲ. ಕೊಟ್ಟ ಬಟ್ಟೆಯನ್ನು ಅರ್ಧಕ್ಕೇ ವಾಪಸು ಒಯ್ದರು. ಬೀದಿಬದಿಯ ನನ್ನ ಬೋರ್ಡಿನ ಮೇಲೆ ಯಾರೋ ಡಾಂಬರು ಬಳಿದಿದ್ದಾರೆ. ಔಷಧಿ ಅಂಗಡಿಯವನು ನಾನು ಇಳಿದು ಹೋಗುವಾಗ ಬೆನ್ನು ತಿರುಗಿಸಿ ಕಪಾಟು ಜೋಡಿಸುತ್ತಾನೆ. ಆದರೆ ಫೋನಿನಲ್ಲಿ ದಿನಾ ದೊಡ್ಡಮ್ಮನಿಗೆ ಬರೆಯುತ್ತಾನಂತೆ, ಅವಳು ಉತ್ತರ ಕೊಡುತ್ತಾಳಂತೆ. ನಾನು ದೊಡ್ಡಮ್ಮನಲ್ಲ, ಅವಳ ಹೆಸರು ಹೇಳಿಕೊಂಡು ಮೆರೆದವಳು ಎಂದು ಈಗ ಅವನ ಲೆಕ್ಕ. ಮತ್ತೆ ಹಾಕಲು ಅಂಗಡಿಯನ್ನೇ ಅಡವಿಡುವ ಮಾತಾಡುತ್ತಿದ್ದಾನೆ.

ಡ್ರೈವರಿನದು ಬೇರೆ. ದಿನಾ ಬೆಳಿಗ್ಗೆ ಬಂದು ನಮ್ಮ ಮೆಟ್ಟಿಲ ಕೆಳಗಿನ ಹಂತದಲ್ಲಿ ಕೂರುತ್ತಾನೆ. ಯೂನಿಫಾರ್ಮು ಹಾಕಿರುತ್ತಾನೆ, ಡ್ಯೂಟಿಗೆ ಹೋಗುವುದಿಲ್ಲ. ಬೈಯುವುದಿಲ್ಲ, ಮೇಲೆ ನೋಡುವುದಿಲ್ಲ. ನಾನು ಇಳಿಯುವಾಗ ಕಾಲು ಸರಿಸಿ ದಾರಿ ಬಿಡುತ್ತಾನೆ. ಅವನು ಎದ್ದು ನಿಂತು ಹಾಳಾಗಿ ಹೋಗು ಎಂದಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಭಾವಮೈದುನ ಅವನ ಹೆಂಡತಿಯನ್ನು ಕರೆದುಕೊಂಡು ಹೋಗಿ ವಾರವಾಯಿತಂತೆ.

ರಾತ್ರೋರಾತ್ರಿ ಹೋಗಿಬಿಟ್ಟರೆ ಇವರ ಪಾಲಿಗೆ ದೊಡ್ಡಮ್ಮ ಎಂದೆಂದಿಗೂ ಫೋನಿನೊಳಗೇ ಉಳಿಯುತ್ತಾಳೆ. ಔಷಧಿ ಅಂಗಡಿಯವನು ಅಂಗಡಿಯನ್ನೂ ಅಡವಿಟ್ಟು ಅದಕ್ಕೇ ಹಾಕುತ್ತಾನೆ. ನಾನು ಆ ದಿನ ನಿನ್ನ ಹೆಸರು ನುಂಗಿಕೊಂಡದ್ದಕ್ಕೆ ಆಗಿರುವುದೇ ಸಾಕು.

ಶನಿವಾರ ಬಾ. ಹಗಲು ಬಾ, ಅಂಗಡಿಗಳೆಲ್ಲ ತೆರೆದಿರುವಾಗ, ಮುಂದಿನ ಬೀದಿಯಿಂದಲೇ ನಡೆದು ಬಾ. ನಾನು ಕೆಳಗೆ ಇಳಿದು ನಿಂತಿರುತ್ತೇನೆ. ಮೊದಲು ಡ್ರೈವರಿಗೆ ಹೇಳಬೇಕು, ಆಮೇಲೆ ಔಷಧಿ ಅಂಗಡಿಯವನಿಗೆ, ಆಮೇಲೆ ಮನೆಮನೆಗೂ. ಅದೆಲ್ಲ ಮುಗಿದ ಮೇಲೆ ಪೊಲೀಸ್ ಠಾಣೆಗೆ. ನೀನೇ ಹೇಳಬೇಕು, ನಿನ್ನ ಮಾತಿನಲ್ಲೇ ಹೇಳಬೇಕು. ನನ್ನ ಮಾತು ಅದರಲ್ಲಿ ಒಂದೂ ಬೇಡ.

ನೀನು ಹೇಳಿ ಮುಗಿಸಿದಾಗ ಡ್ರೈವರ್ ಏನನ್ನುತ್ತಾನೋ ನನಗೆ ಕೇಳಿಸುವುದಿಲ್ಲ. ಕೇಳಿಸಿಕೊಳ್ಳುವುದು ನಿನ್ನ ಪಾಲಿಗೆ. ನಾನು ಪಕ್ಕದಲ್ಲಿ ಅವನ ಕೈಗಳನ್ನೇ ನೋಡುತ್ತಾ ನಿಂತಿರುತ್ತೇನೆ.

ಅಮ್ಮ